ವೆಟ್ ಎಎಂಡಿಗೆ ರೇಡಿಯೇಷನ್ನಾ ಇಂಜೆಕ್ಷನ್ನಾ? ಆಸ್ಪತ್ರೆಗೆ ಓಡೋ ಮುಂಚೆ ಒಂದ್ಸಲ ಓದಿ

2024ರ ಜೂನ್‌ನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಕಡೆಯಿಂದ ಒಂದು ಸುದ್ದಿ ಬಂತು, ವಯಸ್ಸಾದವರ ಕಣ್ಣಿನ ಮ್ಯಾಕ್ಯುಲಾ ಕಾಯಿಲೆಗೆ (ವೆಟ್ ಎಎಂಡಿ) ಒಂದೇ ಒಂದು ಸಲ ರೇಡಿಯೇಷನ್ ಕೊಟ್ರೆ ಕಣ್ಣಿಗೆ ಚುಚ್ಚೋ ಇಂಜೆಕ್ಷನ್ ಕಮ್ಮಿ ಆಗುತ್ತೆ ಅಂತ. ಅದು ವಾಟ್ಸಾಪಲ್ಲಿ ಸುತ್ತಿ ಸುತ್ತಿ ನಮ್ಮ ಮನೆ ಗ್ರೂಪಿಗೆ ಬರೋ ಹೊತ್ತಿಗೆ "ಇನ್ಮೇಲೆ ಇಂಜೆಕ್ಷನ್ನೇ ಬೇಡ, ಒಂದ್ಸಲ ಕರೆಂಟ್ ಕೊಡ್ಸಿದ್ರೆ ಮುಗೀತು" ಅಂತ ಆಗಿತ್ತು. ನಮ್ಮ ದೊಡ್ಡಪ್ಪನಿಗೆ ಎಡಗಣ್ಣಲ್ಲಿ ಈ ಕಾಯಿಲೆ ಇರೋದ್ರಿಂದ ಅವರನ್ನ ಇಂಜೆಕ್ಷನ್ನಿಗೆ ಕರ್ಕೊಂಡು ಹೋಗೋ ಡ್ಯೂಟಿ ನಂದೇ, ಹಾಗಾಗಿ ಪ್ರಶ್ನೆನೂ ನನ್ನ ಹತ್ರಾನೇ ಬಂತು. ನಾನು ಡಾಕ್ಟರ್ ಅಲ್ಲ, ಆದ್ರೆ ಟ್ರಯಲ್ ರಿಪೋರ್ಟ್‌ಗಳನ್ನ ಕೂತ್ಕೊಂಡು ಓದೋ ಚಟ ಇದೆ. ಓದಿದ್ದನ್ನ ಇಲ್ಲಿ ಹೋಲಿಸಿ ಇಟ್ಟಿದೀನಿ.

ಗಡಿಬಿಡಿಯಲ್ಲಿರೋರಿಗೆ ಮೊದಲೇ ಹೇಳ್ಬಿಡ್ತೀನಿ: ರೇಡಿಯೇಷನ್ ಇಂಜೆಕ್ಷನ್ನಿನ ಜಾಗಕ್ಕೆ ಬರಲ್ಲ. ಈಗಾಗ್ಲೇ ಇಂಜೆಕ್ಷನ್ ತಗೋತಾ ಇದ್ದು, ಆದ್ರೂ ಪದೇ ಪದೇ ನೀರು ತುಂಬ್ಕೊಳ್ತಾ ಇರೋ ಕೆಲವು ಕಣ್ಣುಗಳಿಗೆ ಅದನ್ನ ಜೊತೆಗೆ ಸೇರಿಸಿದ್ರೆ ಇಂಜೆಕ್ಷನ್ ಸಂಖ್ಯೆ ಸ್ವಲ್ಪ ಇಳಿಯುತ್ತೆ. ಲಾಭ ಅಷ್ಟೇ. ಅದೂ ಎಲ್ಲಾ ಥರದ ರೇಡಿಯೇಷನ್ನಿನಿಂದ ಅಲ್ಲ, ಒಂದು ಥರದ್ದರಿಂದ ಮಾತ್ರ.

ಡ್ರೈಯಾ, ವೆಟ್ಟಾ? ಇದು ಗೊತ್ತಿಲ್ದೆ ಮುಂದೆ ಹೋಗ್ಬೇಡಿ

ಎಎಂಡಿ ಅಂದ್ರೆ ವಯಸ್ಸಿನ ಜೊತೆ ಬರೋ ಮ್ಯಾಕ್ಯುಲಾ ಸವೆತ. ಮ್ಯಾಕ್ಯುಲಾ ಅನ್ನೋದು ಕಣ್ಣಿನ ಹಿಂದಿನ ಪರದೆಯ, ಅಂದ್ರೆ ರೆಟಿನಾದ, ನಟ್ಟನಡುವಿನ ಚಿಕ್ಕ ಜಾಗ, ನಾವು ಪೇಪರ್ ಓದೋದು, ಸೂಜಿಗೆ ದಾರ ಪೋಣಿಸೋದು, ಎದುರಿಗೆ ಬಂದೋರ ಮುಖ ಗುರುತು ಹಿಡಿಯೋದು ಎಲ್ಲ ಅದರಿಂದಾನೇ. ಡ್ರೈ ಅಂದ್ರೆ ಅಲ್ಲಿನ ಜೀವಕೋಶಗಳು ನಿಧಾನವಾಗಿ ಸವೀತಾ ಹೋಗೋದು, ರೋಗಿಗಳಲ್ಲಿ ಹೆಚ್ಚಿನೋರದ್ದು ಇದೇ. ವೆಟ್ ಅಂದ್ರೆ ರೆಟಿನಾ ಕೆಳಗೆ ಬೇಡದ ಹೊಸ ರಕ್ತನಾಳಗಳು ಹುಟ್ಟಿ, ಅವು ಗಟ್ಟಿ ಇಲ್ದೆ ನೀರು, ರಕ್ತ ಸೋರಿಸೋದು. ವೆಟ್ ಆಗೋದು ನೂರಕ್ಕೆ ಹತ್ತು ಹದಿನೈದು ಜನಕ್ಕಷ್ಟೇ, ಆದ್ರೆ ದೃಷ್ಟಿನ ಬೇಗ ಕಿತ್ಕೊಳ್ಳೋದು ಇದೇ. ನೇರವಾದ ಬಾಗಿಲ ಚೌಕಟ್ಟು ಸೊಟ್ಟ ಕಾಣ್ಸೋದು, ನಡುವೆ ಕಪ್ಪು ಮಚ್ಚೆ ಬಂದ ಹಾಗೆ ಆಗೋದು ಇದರ ಲಕ್ಷಣ.

ರೇಡಿಯೇಷನ್ ಮಾತು ಬರೋದು ವೆಟ್‌ಗೆ ಮಾತ್ರ. ಯಾಕಂದ್ರೆ ರೇಡಿಯೇಷನ್ ಹೊಡೆಯೋದು ಬೇಗ ಬೇಗ ಬೆಳೆಯೋ ಜೀವಕೋಶಗಳನ್ನ, ಅಂದ್ರೆ ಹೊಸ ರಕ್ತನಾಳದ ಒಳಪದರ, ಗಾಯದ ಕಲೆ ಕಟ್ಟೋ ಕೋಶಗಳು, ಉರಿಯೂತದ ಕೋಶಗಳು. ಡ್ರೈಯಲ್ಲಿ ಹಾಗೆ ಬೆಳೀತಾ ಇರೋದು ಏನೂ ಇಲ್ಲ, ಇರೋದೇ ಸವೀತಾ ಇದೆ, ಅದಕ್ಕೆ ರೇಡಿಯೇಷನ್ ಕೊಟ್ಟು ಉಪಯೋಗ ಇಲ್ಲ. ನಿಮ್ಮ ಅಮ್ಮನಿಗೋ ಮಾವನಿಗೋ ಇರೋದು ಡ್ರೈ ಅಂತ ರಿಪೋರ್ಟಲ್ಲಿ ಇದ್ರೆ ಈ ಹೋಲಿಕೆ ನಿಮಗಲ್ಲ. ನಿಮ್ಮ ಡಾಕ್ಟರ್ ಹತ್ರ ಏರೆಡ್ಸ್ 2 ಫಾರ್ಮುಲಾ ಮಾತ್ರೆ ಬಗ್ಗೆ ಕೇಳಿ (ವಿಟಮಿನ್ ಸಿ, ಇ, ಲ್ಯೂಟೀನ್, ಜಿಯಾಕ್ಸಾಂಥಿನ್, ಸತು, ತಾಮ್ರ ಇರೋದು), ಅದೂ ಮಧ್ಯಮ ಹಂತ ಮುಟ್ಟಿದ್ರೆ ಮಾತ್ರ ಕೊಡ್ತಾರೆ. ಬೀಡಿ ಸಿಗರೇಟ್ ಅಭ್ಯಾಸ ಇರೋರು, ಬಿಟ್ಟೋರೂ ಕೂಡ, ಹಳೇ ಫಾರ್ಮುಲಾದಲ್ಲಿ ಇದ್ದ ಬೀಟಾ ಕ್ಯಾರೋಟೀನ್ ತಗೋಬಾರ್ದು, ಶ್ವಾಸಕೋಶದ ಕ್ಯಾನ್ಸರ್ ರಿಸ್ಕ್ ಹೆಚ್ಚುತ್ತೆ.

ಇಂಜೆಕ್ಷನ್ ಯಾಕೆ ಮೊದಲನೇ ಸ್ಥಾನದಲ್ಲಿದೆ

ಹೊಸ ರಕ್ತನಾಳ ಬೆಳೆಯೋಕೆ ವಿಇಜಿಎಫ್ ಅನ್ನೋ ಪ್ರೋಟೀನ್ ಬೇಕು. ಅದನ್ನ ತಡೆಯೋ ಔಷಧಿನ ನೇರವಾಗಿ ಕಣ್ಣಿನ ಒಳಗೆ ಕೊಡ್ತಾರೆ. ಕೇಳಿದ್ರೆ ಮೈ ಜುಂ ಅನ್ನುತ್ತೆ, ಆದ್ರೆ ಡ್ರಾಪ್ಸ್ ಹಾಕಿ ಮರಗಟ್ಟಿಸಿ ಮಾಡೋದ್ರಿಂದ ಚುಚ್ಚೋದು ಕೆಲವು ಸೆಕೆಂಡಿನ ಕೆಲಸ. ದೊಡ್ಡಪ್ಪ ಹೇಳೋ ಪ್ರಕಾರ ಇಂಜೆಕ್ಷನ್ನಿಗಿಂತ ಅದಕ್ಕೆ ಮುಂಚೆ ಕಣ್ಣು ಕ್ಲೀನ್ ಮಾಡೋಕೆ ಹಾಕೋ ಆ ಕಂದು ಬಣ್ಣದ ಅಯೋಡಿನ್ನೇ ಜಾಸ್ತಿ ಉರಿಯೋದಂತೆ.

2006ರಲ್ಲಿ ಬಂದ ಮರಿನಾ ಟ್ರಯಲ್ ನೋಡಿ. ರಾನಿಬಿಜುಮ್ಯಾಬ್, ಅಂದ್ರೆ ಲ್ಯುಸೆಂಟಿಸ್, ತಿಂಗಳು ತಿಂಗಳು ತಗೊಂಡೋರಲ್ಲಿ ಒಂದು ವರ್ಷ ಆದ್ಮೇಲೆ ಸುಮಾರು 95% ಜನಕ್ಕೆ ದೃಷ್ಟಿ ದೊಡ್ಡದಾಗಿ ಕುಸೀಲಿಲ್ಲ, ಸುಮ್ನೆ ಚುಚ್ಚಿದ ಹಾಗೆ ನಟಿಸಿದ ಗುಂಪಲ್ಲಿ ಇದು ಸುಮಾರು 62%. ಅದಕ್ಕಿಂತ ಮುಖ್ಯ, ಔಷಧಿ ತಗೊಂಡೋರು ಚಾರ್ಟಲ್ಲಿ ಸರಾಸರಿ ಏಳು ಅಕ್ಷರ ಜಾಸ್ತಿ ಓದಿದ್ರು, ತಗೊಳ್ದೋರು ಹತ್ತು ಅಕ್ಷರ ಕಳ್ಕೊಂಡ್ರು. ಈ ಚಾರ್ಟಲ್ಲಿ ಒಂದು ಸಾಲಿಗೆ ಐದಕ್ಷರ, ಹಾಗಾಗಿ ಇದು ಹೆಚ್ಚುಕಮ್ಮಿ ಮೂರೂವರೆ ಸಾಲಿನ ಅಂತರ. ಈ ಕಾಯಿಲೆಯಲ್ಲಿ ಸರಾಸರಿ ದೃಷ್ಟಿ ಮೇಲೆ ಹೋಗಿದ್ದು ಅಂದ್ರೆ ಆ ಕಾಲಕ್ಕೆ ದೊಡ್ಡ ಸಂಗತಿ, ಅಲ್ಲೀವರೆಗೆ ಇದ್ದ ಚಿಕಿತ್ಸೆಗಳೆಲ್ಲ ಕುಸಿತಾನ ಸ್ವಲ್ಪ ನಿಧಾನ ಮಾಡ್ತಿದ್ವು ಅಷ್ಟೇ.

ತೊಂದರೆ ಏನಂದ್ರೆ ಇದು ಮುಗಿಯೋ ಕತೆ ಅಲ್ಲ. ಔಷಧಿ ಕೆಲವು ವಾರದಲ್ಲಿ ಕರಗಿ ಹೋಗುತ್ತೆ, ನಾಳಗಳು ಅಲ್ಲೇ ಇರ್ತವೆ. ಮೊದಲು ತಿಂಗಳಿಗೊಂದರಂತೆ ಮೂರು, ಆಮೇಲೆ ಓಸಿಟಿ ಸ್ಕ್ಯಾನ್ (ರೆಟಿನಾದ ಪದರಗಳನ್ನ ತೋರಿಸೋ ಫೋಟೋ) ನೋಡ್ಕೊಂಡು ನೀರು ಕಂಡಾಗ ಕೊಡೋದು, ಇಲ್ಲಾ ಗ್ಯಾಪ್‌ನ ಎರಡೆರಡು ವಾರ ಹಿಗ್ಗಿಸ್ತಾ ಹೋಗೋದು. ಕೆಲವರಿಗೆ ಹನ್ನೆರಡು ವಾರ ಸಿಗುತ್ತೆ, ಕೆಲವರಿಗೆ ನಾಲ್ಕು ವಾರ ದಾಟಿದ್ರೆ ಮತ್ತೆ ಸೋರಿಕೆ. ವರ್ಷಗಟ್ಲೆ. ಜೊತೆಗೆ ಯಾರಾದ್ರೂ ರಜಾ ಹಾಕಿ ಬರ್ಬೇಕು, ಹಾಸನದಿಂದಾನೋ ಶಿವಮೊಗ್ಗದಿಂದಾನೋ ಬೆಂಗಳೂರಿಗೆ ಬರೋರ ಪಾಡು ಇನ್ನೂ ಕಷ್ಟ. ಇಂಜೆಕ್ಷನ್ ಕಮ್ಮಿ ಮಾಡೋ ಯಾವುದೇ ಸುದ್ದಿಗೆ ಜನ ಕಿವಿ ನೆಟ್ಟಗೆ ಮಾಡೋದು ಇದಕ್ಕೇ, ಅದು ಸಹಜಾನೂ ಹೌದು.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ಇಂಜೆಕ್ಷನ್ ಆದ ಒಂದು ವಾರದೊಳಗೆ ಕಣ್ಣು ನೋವು ಜಾಸ್ತಿ ಆಗ್ತಾ ಹೋದ್ರೆ, ಕೆಂಪಾದ್ರೆ, ದೃಷ್ಟಿ ಮಂಜಾದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿಯಾದ್ರೂ ಸರಿ ಆಸ್ಪತ್ರೆಗೆ ಹೋಗಿ. ಕಣ್ಣೊಳಗೆ ಸೋಂಕಾಗೋದು ಸಾವಿರಾರು ಇಂಜೆಕ್ಷನ್ನಿಗೆ ಒಂದು, ಆದ್ರೆ ಸೋಂಕಾದ್ರೆ ಗಂಟೆ ಗಂಟೆನೂ ಲೆಕ್ಕಕ್ಕೆ ಬರುತ್ತೆ.

ರೇಡಿಯೇಷನ್ ಅಂತ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಚಿಕಿತ್ಸೆ

ಎಲ್ಲರೂ ಗೊಂದಲ ಮಾಡ್ಕೊಳ್ಳೋದು ಇಲ್ಲೇ. ಒಬ್ರು "ರೇಡಿಯೇಷನ್ ಕೆಲಸ ಮಾಡಲ್ಲ ಅಂತ ಪ್ರೂವ್ ಆಗಿದೆ" ಅಂತಾರೆ, ಇನ್ನೊಬ್ರು "ಮಾಡುತ್ತೆ ಅಂತ ಲ್ಯಾನ್ಸೆಟ್ ಜರ್ನಲಲ್ಲೇ ಬಂದಿದೆ" ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ, ಇಬ್ರೂ ಬೇರೆ ಬೇರೆ ಚಿಕಿತ್ಸೆ ಬಗ್ಗೆ ಮಾತಾಡ್ತಿದ್ದಾರೆ.

ಮೊದಲನೇದು, ಹೊರಗಿನಿಂದ ಕೊಡೋ ಮಾಮೂಲಿ ರೇಡಿಯೇಷನ್, ಕ್ಯಾನ್ಸರಿಗೆ ಬಳಸೋ ಮೆಷಿನ್ನಲ್ಲೇ. 1993ರಲ್ಲಿ ಬೆಲ್‌ಫಾಸ್ಟಲ್ಲಿ ಉಷಾ ಚಕ್ರವರ್ತಿ ಮತ್ತವರ ತಂಡ ಕೆಲವೇ ರೋಗಿಗಳ ಮೇಲೆ ಮಾಡಿದ ಪುಟ್ಟ ಅಧ್ಯಯನದಲ್ಲಿ ಭರವಸೆ ಕಾಣಿಸ್ತು. ಆಗ ಇಂಜೆಕ್ಷನ್ ಇರ್ಲಿಲ್ಲ, ಇದ್ದದ್ದು ಸುಡೋ ಲೇಸರ್ ಮಾತ್ರ, ಹಾಗಾಗಿ ಎಲ್ಲಾ ಕಡೆ ಉತ್ಸಾಹದಿಂದ ಶುರು ಮಾಡಿದ್ರು. ಆಮೇಲೆ ಸರಿಯಾಗಿ ಹೋಲಿಸಿ ನೋಡೋ ಟ್ರಯಲ್‌ಗಳು ಬಂದ್ವು. ಜರ್ಮನಿಯ ರಾಡ್ ಅಧ್ಯಯನ 1999ರಲ್ಲಿ, 205 ಜನ, ಅರ್ಧ ಜನಕ್ಕೆ ದಿನಕ್ಕೆ 2 ಗ್ರೇಯಂತೆ (ಗ್ರೇ ಅಂದ್ರೆ ರೇಡಿಯೇಷನ್ ಪ್ರಮಾಣ ಅಳೆಯೋ ಮಾನ) ಎಂಟು ಸಲ ಒಟ್ಟು 16 ಗ್ರೇ, ಉಳಿದೋರಿಗೆ ಮೆಷಿನ್ ಕೆಳಗೆ ಮಲಗಿಸಿ ಸೊನ್ನೆ ಗ್ರೇ. ವರ್ಷ ಆದ್ಮೇಲೆ ಎರಡೂ ಗುಂಪಿಗೆ ವ್ಯತ್ಯಾಸ ಇಲ್ಲ. ಬ್ರಿಟನ್ನಲ್ಲಿ 12 ಗ್ರೇ, ಅಮೆರಿಕದಲ್ಲಿ 20 ಗ್ರೇ ಕೊಟ್ಟು ನೋಡಿದ್ರು, ಅಲ್ಲೂ ನೆಚ್ಚಿಕೊಳ್ಳೋ ಅಂಥ ಲಾಭ ಕಾಣ್ಲಿಲ್ಲ. ಈ ದಾರಿನ ಬಿಟ್ಟಾಯ್ತು. ಇವತ್ತು ಯಾರಾದ್ರೂ ಎಎಂಡಿಗೆ ಅಂತ ಹತ್ತು ದಿನ ಬಂದು ರೇಡಿಯೇಷನ್ ತಗೊಳ್ಳಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಎರಡನೇದು ಕಣ್ಣಿನ ಒಳಗೇ ರೇಡಿಯೇಷನ್ ಇಡೋದು. ಆಪರೇಷನ್ ಮಾಡಿ ಕಣ್ಣೊಳಗಿನ ಲೋಳೆ ತೆಗೆದು, ತುದಿಯಲ್ಲಿ ಸ್ಟ್ರಾನ್ಷಿಯಂ 90 ಇರೋ ಸಣ್ಣ ಕಡ್ಡಿನ ಮ್ಯಾಕ್ಯುಲಾದ ಹತ್ರ ಕೆಲವು ನಿಮಿಷ ಹಿಡಿದು 24 ಗ್ರೇ ಕೊಟ್ಟು ಹೊರಗೆ ತೆಗೆಯೋದು. ಐಡಿಯಾ ಚೆನ್ನಾಗೇ ಇತ್ತು, ಬೀಟಾ ಕಿರಣ ತುಂಬಾ ದೂರ ಹೋಗಲ್ಲ, ಬೇಕಾದ ಜಾಗಕ್ಕೆ ಬೀಳುತ್ತೆ, ಕಣ್ಣಿಂದ ಮೆದುಳಿಗೆ ಹೋಗೋ ಆಪ್ಟಿಕ್ ನರಕ್ಕೆ ಕಮ್ಮಿ. ಆದ್ರೆ 2013ರ ಕ್ಯಾಬರ್ನೆಟ್ ಟ್ರಯಲಲ್ಲಿ, 494 ಜನ ಇದ್ರು, ಎರಡು ವರ್ಷ ಆದ್ಮೇಲೆ 15 ಅಕ್ಷರಕ್ಕಿಂತ ಕಮ್ಮಿ ಕಳ್ಕೊಂಡೋರು ಈ ಗುಂಪಲ್ಲಿ 77%, ಇಂಜೆಕ್ಷನ್ ಮಾತ್ರ ತಗೊಂಡ ಗುಂಪಲ್ಲಿ 90%. ಅಂದ್ರೆ ಇಂಜೆಕ್ಷನ್ನೇ ಮೇಲು. ಸರಿ, ಹೊಸ ರೋಗಿಗಳಿಗೆ ಬೇಡ, ಈಗಾಗ್ಲೇ ಇಂಜೆಕ್ಷನ್ ತಗೋತಾ ಇರೋರಿಗಾದ್ರೂ ಸಂಖ್ಯೆ ಇಳಿಯುತ್ತಾ ಅಂತ ಬ್ರಿಟನ್ನಲ್ಲಿ 363 ಜನರ ಮೇಲೆ ಮರ್ಲೋ ಅನ್ನೋ ಟ್ರಯಲ್ ಮಾಡಿದ್ರು. 2016ರಲ್ಲಿ ಉತ್ತರ ಬಂತು: ಒಂದು ವರ್ಷದಲ್ಲಿ ರೇಡಿಯೇಷನ್ ಆದೋರಿಗೆ ಸರಾಸರಿ 4.8 ಇಂಜೆಕ್ಷನ್ ಬೇಕಾಯ್ತು, ಆಗ್ದೇ ಇರೋರಿಗೆ 4.1. ಇಳಿಯೋದಿರ್ಲಿ, ಏರಿತ್ತು. ದೃಷ್ಟಿನೂ ರೇಡಿಯೇಷನ್ ಗುಂಪಲ್ಲೇ ಹೆಚ್ಚು ಕುಸಿದಿತ್ತು. ಜೊತೆಗೆ ಆಪರೇಷನ್ ರಿಸ್ಕು, ಪೊರೆ ಬೇಗ ಬರೋದು ಬೇರೆ. ಇದನ್ನೂ ಲಿಸ್ಟಿನಿಂದ ತೆಗೆದುಹಾಕಿ.

ಮೂರನೇದೇ ಈಗ ಸುದ್ದಿಯಲ್ಲಿರೋದು. ಸ್ಟೀರಿಯೋಟ್ಯಾಕ್ಟಿಕ್ ರೇಡಿಯೋಥೆರಪಿ. ಓರಾಯಾ ಅನ್ನೋ ಕ್ಯಾಲಿಫೋರ್ನಿಯಾದ ಕಂಪನಿ ಇದಕ್ಕಂತಾನೇ ಐರೇ ಅನ್ನೋ ಮೆಷಿನ್ ಮಾಡ್ತು, ಆಮೇಲೆ ಅದು ಜೈಸ್ ಕಂಪನಿ ಕೈಗೆ ಹೋಯ್ತು. ಇದ್ರಲ್ಲಿ ಆಪರೇಷನ್ ಇಲ್ಲ. ಡಾಕ್ಟರ್ ಕಣ್ಣು ಪರೀಕ್ಷೆ ಮಾಡೋ ಸ್ಲಿಟ್ ಲ್ಯಾಂಪ್ ಮುಂದೆ ಕೂರೋ ಹಾಗೆ ಗಲ್ಲ ಇಟ್ಟು ಕೂರಿಸಿ, ಡ್ರಾಪ್ಸ್ ಹಾಕಿ, ಕಣ್ಣಿಗೆ ಹೀರಿ ಹಿಡಿಯೋ ಒಂದು ಕಾಂಟ್ಯಾಕ್ಟ್ ಲೆನ್ಸ್ ಅಂಟಿಸಿ ಕಣ್ಣು ಅಲ್ಲಾಡ್ದಂಗೆ ಹಿಡಿದು, ಕಮ್ಮಿ ಶಕ್ತಿಯ ಎಕ್ಸ್‌ರೇನ ಕಣ್ಣಿನ ಬಿಳಿ ಭಾಗದ ಕೆಳಗಡೆಯಿಂದ ಮೂರು ಬೇರೆ ಬೇರೆ ಜಾಗದಿಂದ ಹಾಯಿಸ್ತಾರೆ, ಮೂರೂ ಬಂದು ಮ್ಯಾಕ್ಯುಲಾದಲ್ಲಿ ಸೇರ್ತವೆ. ಹಾಗಾಗಿ ಲೆನ್ಸಿಗೆ, ಆಪ್ಟಿಕ್ ನರಕ್ಕೆ ಬೀಳೋದು ಕಮ್ಮಿ, ಮ್ಯಾಕ್ಯುಲಾಗೆ ಪೂರ್ತಿ 16 ಗ್ರೇ. ಕಣ್ಣು ಸ್ವಲ್ಪ ಅಲ್ಲಾಡಿದ್ರೂ ಮೆಷಿನ್ ತಾನೇ ನಿಲ್ಲುತ್ತೆ. ಒಂದೇ ಸಲ, ಅವತ್ತೇ ಮನೆಗೆ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಗ್ರೇ ಕೊಡೋದು, ಇಲ್ಲಿ ಒಂದೇ ಸಲಕ್ಕೆ 16. ರಾಡ್ ಅಧ್ಯಯನದಲ್ಲೂ ಒಟ್ಟು 16 ಗ್ರೇನೇ ಇದ್ದದ್ದು ಅಲ್ವಾ, ಹಾಗಾದ್ರೆ ಅದು ಸೋತು ಇದು ಯಾಕೆ ಗೆಲ್ತು ಅಂತ ಕೇಳ್ಬಹುದು. ಎಂಟು ಕಂತಲ್ಲಿ ಕೊಡೋದಕ್ಕೂ ಒಂದೇ ಏಟಿಗೆ ಕೊಡೋದಕ್ಕೂ ಜೀವಕೋಶದ ಮೇಲೆ ಆಗೋ ಪರಿಣಾಮದಲ್ಲಿ ತುಂಬಾ ವ್ಯತ್ಯಾಸ ಇದೆ, ಕಂತಿನ ನಡುವೆ ಕೋಶಗಳು ರಿಪೇರಿ ಮಾಡ್ಕೊಳ್ತವೆ. ಇನ್ನೊಂದು, ಗೆಲ್ಲೋದು ಅಂದ್ರೇನು ಅನ್ನೋ ಅಳತೆನೇ ಬದಲಾಗಿದೆ. ಆಗ ಕೇಳಿದ್ದು ರೇಡಿಯೇಷನ್ ಒಂದೇ ದೃಷ್ಟಿ ಉಳಿಸುತ್ತಾ ಅಂತ, ಈಗ ಕೇಳಿದ್ದು ಇಂಜೆಕ್ಷನ್ ದೃಷ್ಟಿ ಉಳಿಸ್ತಾ ಇರುವಾಗ ರೇಡಿಯೇಷನ್ ಅದರ ಭಾರ ಇಳಿಸುತ್ತಾ ಅಂತ. ಎರಡನೇ ಪ್ರಶ್ನೆ ಸುಲಭದ್ದು. ಇಂಜೆಕ್ಷನ್ ಅನ್ನೋದು ಹೊಲದ ಕಳೆಗೆ ನೀರು ನಿಲ್ಲಿಸಿದ ಹಾಗೆ, ರೇಡಿಯೇಷನ್ ಬೇರಿಗೇ ಪೆಟ್ಟು ಕೊಡೋ ಪ್ರಯತ್ನ, ಆದ್ರೆ ಆ ಪೆಟ್ಟು ತಟ್ಟೋಕೆ ತಿಂಗಳುಗಟ್ಲೆ ಬೇಕು, ಅಲ್ಲೀವರೆಗೆ ನೀರು ನಿಲ್ಲಿಸ್ಲೇಬೇಕು.

2024ರ ಆ ಸುದ್ದಿಯ ಹಿಂದಿನ ಸ್ಟಾರ್ ಟ್ರಯಲ್ ನಿಜಕ್ಕೂ ಏನು ಹೇಳ್ತು

ಸ್ಟಾರ್‌ಗೆ ಮುಂಚೆ ಇಂಟ್ರೆಪಿಡ್ ಅಂತ ಒಂದು ಬಂದಿತ್ತು, ಯೂರೋಪಿನ 21 ಕೇಂದ್ರಗಳಲ್ಲಿ 230 ಜನ. ಒಂದು ವರ್ಷದಲ್ಲಿ ಸುಳ್ಳು ರೇಡಿಯೇಷನ್ ಆದೋರಿಗೆ ಸರಾಸರಿ 3.74 ಇಂಜೆಕ್ಷನ್, 16 ಗ್ರೇ ಆದೋರಿಗೆ 2.64. ಎಲ್ಲಕ್ಕಿಂತ ಚೆನ್ನಾಗಿ ಸ್ಪಂದಿಸಿದ್ದು ಎಂಥ ಕಣ್ಣು ಅಂದ್ರೆ ರಕ್ತನಾಳದ ಗುಂಪು 4 ಮಿಲಿಮೀಟರ್ ಒಳಗೆ ಇದ್ದು, ಅದರಿಂದ ನೀರು ಚೆನ್ನಾಗಿ ಸೋರ್ತಾ ಇದ್ದದ್ದು. ಕಾರಣ ಸರಳ, ಕಿರಣ ಪೂರ್ತಿ ಬೀಳೋ ಜಾಗಾನೇ ಹೆಚ್ಚುಕಮ್ಮಿ ಅಷ್ಟಗಲ. ಈ ವಿಷಯ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಆಮೇಲೆ ಸ್ಟಾರ್. ಪ್ರೊಫೆಸರ್ ಟಿಮೋತಿ ಜಾಕ್ಸನ್ ನೇತೃತ್ವ, ಬ್ರಿಟನ್ನಿನ 30 ಆಸ್ಪತ್ರೆಗಳ 411 ರೋಗಿಗಳು, ಎಲ್ಲರೂ ಮುಂಚೆಯಿಂದ ಇಂಜೆಕ್ಷನ್ ತಗೋತಾ ಇದ್ದೋರು, ಆದ್ರೂ ಕಾಯಿಲೆ ಆಕ್ಟಿವ್ ಇದ್ದೋರು. ಮೂರರಲ್ಲಿ ಎರಡು ಪಾಲು ಜನಕ್ಕೆ ನಿಜವಾದ 16 ಗ್ರೇ, ಉಳಿದೋರಿಗೆ ಸುಳ್ಳು. ಎರಡೂ ಗುಂಪಿಗೆ ತಿಂಗಳು ತಿಂಗಳು ಚೆಕಪ್, ಬೇಕಾದ್ರೆ ಲ್ಯುಸೆಂಟಿಸ್. ಎರಡು ವರ್ಷದಲ್ಲಿ ನಿಜವಾದ ರೇಡಿಯೇಷನ್ ಗುಂಪಿಗೆ ಸರಾಸರಿ 10.7 ಇಂಜೆಕ್ಷನ್, ಇನ್ನೊಂದಕ್ಕೆ 13.3. ಆಸ್ಪತ್ರೆ ಆಸ್ಪತ್ರೆ ನಡುವಿನ ವ್ಯತ್ಯಾಸ ಸರಿಹೊಂದಿಸಿದ್ರೆ 2.9 ಕಮ್ಮಿ. ದೃಷ್ಟಿಯಲ್ಲಿ ಎರಡು ಗುಂಪಿಗೂ ಇದ್ದ ಅಂತರ ಎರಡಕ್ಷರಕ್ಕಿಂತ ಕಮ್ಮಿ, ಅದನ್ನ ಲೆಕ್ಕಕ್ಕೆ ತಗೋಳೋ ಅಷ್ಟು ದೊಡ್ಡದಲ್ಲ ಅಂತ ಟ್ರಯಲ್ ಮೊದಲೇ ಹಾಕ್ಕೊಂಡ ಮಿತಿಯೊಳಗೆ ಬಂತು.

ಹಾಗಾದ್ರೆ ಎರಡು ವರ್ಷಕ್ಕೆ ಮೂರು ಇಂಜೆಕ್ಷನ್ ಉಳಿತಾಯ. ಇದನ್ನ ದೊಡ್ಡದು ಅನ್ನೋದಾ ಚಿಕ್ಕದು ಅನ್ನೋದಾ? ಲಕ್ಷಾಂತರ ಇಂಜೆಕ್ಷನ್ ಕೊಡೋ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಥರದ ವ್ಯವಸ್ಥೆಗೆ ತುಂಬಾ ದೊಡ್ಡದು, ಅಲ್ಲಿನ ಕಣ್ಣಿನ ಕ್ಲಿನಿಕ್ಕುಗಳು ತುಂಬಿ ತುಳುಕ್ತಾ ಇವೆ. ಹದಿಮೂರು ಸಲ ಚುಚ್ಚಿಸ್ಕೊಳ್ಳೋ ಮನುಷ್ಯನಿಗೆ ಹನ್ನೊಂದು ಸಲ ಅಂದ್ರೆ ಸಂತೋಷಾನೇ, ಆದ್ರೆ "ಇಂಜೆಕ್ಷನ್ನೇ ಬೇಡ" ಅನ್ನೋ ವಾಟ್ಸಾಪ್ ಮಾತಿಗೂ ಇದಕ್ಕೂ ಅಜಗಜಾಂತರ. ಇನ್ನೊಂದು ವಿಷಯ ಗಮನಿಸಿ: ಹೋಲಿಸಿದ್ದು ಲ್ಯುಸೆಂಟಿಸ್ ಜೊತೆ. ಈಗ ಫಾರಿಸಿಮ್ಯಾಬ್ (ವಾಬಿಸ್ಮೋ), ಹೈಡೋಸ್ ಅಫ್ಲಿಬರ್ಸೆಪ್ಟ್ ಥರ ಹೊಸ ಔಷಧಿಗಳು ಬಂದು ಒಪ್ಪೋ ಕಣ್ಣುಗಳಿಗೆ ಹದಿನಾರು ವಾರದ ತನಕ ಗ್ಯಾಪ್ ಕೊಡ್ತಿವೆ. ಔಷಧಿ ಬದಲಾಯಿಸಿ ಬರೋ ಲಾಭದ ಮೇಲೆ ರೇಡಿಯೇಷನ್ ಇನ್ನೆಷ್ಟು ಸೇರಿಸುತ್ತೆ ಅಂತ ಸ್ಟಾರ್ ನೋಡಿಲ್ಲ, ಅದು ಶುರುವಾಗಿದ್ದೇ 2015ರಲ್ಲಿ.

ಸೈಡ್ ಎಫೆಕ್ಟ್: ಬರೋ ಹೊತ್ತು ಬೇರೆ, ರೀತಿ ಬೇರೆ

ಇಂಜೆಕ್ಷನ್ನಿನ ರಿಸ್ಕ್ ಪ್ರತಿ ಸಲ ಸ್ವಲ್ಪ ಸ್ವಲ್ಪ, ಆದಾಗ ಕೂಡ್ಲೇ ಗೊತ್ತಾಗುತ್ತೆ: ಸೋಂಕು, ಒತ್ತಡ ಏರೋದು, ಅಪರೂಪಕ್ಕೆ ರೆಟಿನಾ ಹರಿಯೋದು. ಔಷಧಿ ಔಷಧಿಗೂ ವ್ಯತ್ಯಾಸ ಇದೆ, ಬ್ರೊಲುಸಿಜುಮ್ಯಾಬ್ ಬಂದ ಹೊಸತರಲ್ಲಿ 2020ರ ಸುಮಾರಿಗೆ ರೆಟಿನಾ ರಕ್ತನಾಳದ ಉರಿಯೂತ, ನಾಳ ಮುಚ್ಚಿಹೋಗೋದು ವರದಿಯಾಗಿ ಡಾಕ್ಟರ್‌ಗಳು ಹುಷಾರಾದ್ರು.

ರೇಡಿಯೇಷನ್ನಿನದು ಉಲ್ಟಾ. ಅವತ್ತು ಏನೂ ಗೊತ್ತಾಗಲ್ಲ. ತಿಂಗಳು, ವರ್ಷ ಆದ್ಮೇಲೆ ರೆಟಿನಾದ ಒಳ್ಳೆ ರಕ್ತನಾಳಗಳಿಗೇ ಪೆಟ್ಟಾಗಿರೋದು ಕಾಣ್ಬಹುದು. ಸ್ಟಾರಲ್ಲಿ ಸಣ್ಣ ರಕ್ತನಾಳದ ಬದಲಾವಣೆ ನಿಜವಾದ ರೇಡಿಯೇಷನ್ ಗುಂಪಲ್ಲಿ 35% ಕಣ್ಣಲ್ಲಿ, ಸುಳ್ಳು ಗುಂಪಲ್ಲಿ 12% ಕಣ್ಣಲ್ಲಿ ಕಂಡ್ವು. ವಿಚಿತ್ರ ಏನಂದ್ರೆ ಈ ಬದಲಾವಣೆ ಇದ್ದ ಕಣ್ಣುಗಳ ದೃಷ್ಟಿ ಒಟ್ಟಾರೆ ಇಲ್ಲದ ಕಣ್ಣುಗಳಿಗಿಂತ ಚೆನ್ನಾಗೇ ಇತ್ತು, ಹಾಗಾಗಿ ಎರಡು ವರ್ಷದ ಮಟ್ಟಿಗೆ ಅದು ದೃಷ್ಟಿ ಕೆಡಿಸ್ಲಿಲ್ಲ ಅನ್ಬಹುದು. ಆದ್ರೂ 35% ಅನ್ನೋದು ನನಗೆ ಸಣ್ಣ ನಂಬರ್ ಅನ್ನಿಸಲ್ಲ. ಕೊಟ್ಟ ರೇಡಿಯೇಷನ್ ವಾಪಸ್ ತಗೊಳ್ಳೋಕಾಗಲ್ಲ, ಇಂಜೆಕ್ಷನ್ ಒಗ್ಗದಿದ್ರೆ ಮುಂದಿನ ಸಲ ಬಿಡ್ಬಹುದು, ಬದಲಾಯಿಸ್ಬಹುದು.

ನಮ್ಮ ಕಡೆಯೋರಿಗೆ ಇಲ್ಲೊಂದು ದೊಡ್ಡ ಪ್ರಶ್ನೆ ಇದೆ, ಶುಗರ್. ಶುಗರ್ ಇರೋರ ರೆಟಿನಾ ನಾಳಗಳು ಮೊದಲೇ ಸೊರಗಿರ್ತವೆ, ರೇಡಿಯೇಷನ್ನಿನಿಂದ ಆಗೋ ಹಾನಿನೂ ಅದೇ ನಾಳಗಳಿಗೇ, ಹಾಗಾಗಿ ಡಯಾಬಿಟಿಸ್ ಇದ್ರೆ ರೇಡಿಯೇಷನ್ ರೆಟಿನೋಪತಿ (ರೇಡಿಯೇಷನ್ನಿನಿಂದ ರೆಟಿನಾ ಹಾಳಾಗೋದು) ರಿಸ್ಕ್ ಹೆಚ್ಚು. ಅರವತ್ತು ದಾಟಿದ ನಮ್ಮೋರಲ್ಲಿ ಶುಗರ್ ಇಲ್ದೋರನ್ನ ಹುಡುಕ್ಬೇಕು. ರಿಪೋರ್ಟಲ್ಲಿ ಡಯಾಬಿಟಿಕ್ ರೆಟಿನೋಪತಿ ಅಂತ ಒಂದು ಸಾಲು ಇದ್ರೂ ಸಾಕು, ನಾನಾಗಿದ್ರೆ ರೇಡಿಯೇಷನ್ ಯೋಚನೆನ ಅಲ್ಲೇ ಕೈಬಿಡ್ತಿದ್ದೆ. ತಲೆ, ಕುತ್ತಿಗೆ ಭಾಗಕ್ಕೆ ಹಿಂದೆ ರೇಡಿಯೇಷನ್ ಆಗಿದ್ರೆ ಅದನ್ನೂ ಮರೀದೆ ಹೇಳಿ.

ದುಡ್ಡಿನ ಲೆಕ್ಕ ಇಲ್ಲಿ ಬೇರೆ, ಅಲ್ಲಿ ಬೇರೆ

ಸ್ಟಾರ್ ಲೆಕ್ಕದ ಪ್ರಕಾರ ರೇಡಿಯೇಷನ್ ಖರ್ಚು ಕಳೆದ್ಮೇಲೂ ಒಬ್ಬ ರೋಗಿಗೆ ಸುಮಾರು 565 ಪೌಂಡ್ ಉಳೀತು. ಓದಿದ ಕೂಡ್ಲೇ ಅಗ್ಗ ಅನ್ಸುತ್ತೆ. ಆದ್ರೆ ಈ ಉಳಿತಾಯ ಹುಟ್ಟಿದ್ದು ಬ್ರಿಟನ್ನಲ್ಲಿ ಲ್ಯುಸೆಂಟಿಸ್ ದುಬಾರಿ ಆಗಿದ್ದರಿಂದ. ನಮ್ಮಲ್ಲಿ ತುಂಬಾ ಜನಕ್ಕೆ ಕೊಡೋದು ಅವಾಸ್ಟಿನ್, ಅಂದ್ರೆ ಬೆವಾಸಿಜುಮ್ಯಾಬ್. ಅದು ಮೂಲತಃ ಕ್ಯಾನ್ಸರ್ ಔಷಧಿ, ಒಂದು ವಯಲ್‌ನ ಹಲವು ಸಣ್ಣ ಸಿರಿಂಜ್‌ಗೆ ಹಂಚಿ ಕಣ್ಣಿಗೆ ಬಳಸ್ತಾರೆ, ಹಾಗಾಗಿ ಬೆಲೆ ಎಷ್ಟೋ ಪಾಲು ಕಮ್ಮಿ. ಕಮ್ಮಿ ಬೆಲೆದು ಅಂದ್ರೆ ಕಮ್ಮಿ ಕೆಲಸ ಅಂತ ಅಂದ್ಕೋಬೇಡಿ, 2011ರಲ್ಲಿ ಬಂದ ಅಮೆರಿಕದ ಕ್ಯಾಟ್ ಟ್ರಯಲಲ್ಲಿ ಅವಾಸ್ಟಿನ್ನೂ ಲ್ಯುಸೆಂಟಿಸ್ಸೂ ದೃಷ್ಟಿ ವಿಷಯದಲ್ಲಿ ಸಮ ಅಂತಾನೇ ಬಂತು. ಹಂಚುವಾಗ ಸ್ಟೆರೈಲ್ ಆಗಿ ಮಾಡಿದಾರಾ ಅನ್ನೋದೇ ಅದರ ಮುಖ್ಯ ರಿಸ್ಕು, ಅದಕ್ಕೇ ಅವಾಸ್ಟಿನ್ ತಗೊಳ್ಳೋದಾದ್ರೆ ಎಲ್ಲಿ ತಗೊಳ್ತೀರಿ ಅನ್ನೋದು ಮುಖ್ಯ. ಇಂಗ್ಲೆಂಡಲ್ಲಿ ಕಣ್ಣಿಗೆ ಅವಾಸ್ಟಿನ್ ಕೊಡ್ಬಹುದಾ ಅನ್ನೋ ಜಗಳ ಕೋರ್ಟಿಗೂ ಹೋಗಿತ್ತು, 2018ರಲ್ಲಿ ಅವಾಸ್ಟಿನ್ ಕೊಡ್ತೀವಿ ಅಂದ ಎನ್‌ಎಚ್‌ಎಸ್ ಗುಂಪುಗಳ ಪರ ತೀರ್ಪು ಬಂತು. ಇದಲ್ಲದೆ 2015ರಿಂದ ನಮ್ಮಲ್ಲೇ ತಯಾರಾಗೋ ರಾನಿಬಿಜುಮ್ಯಾಬ್ ಬಯೋಸಿಮಿಲರ್ (ಅದೇ ಔಷಧಿಯನ್ನ ಹೋಲೋ ಇನ್ನೊಂದು ಕಂಪನಿಯ ಔಷಧಿ) ರಾಜುಮ್ಯಾಬ್ ಸಿಗ್ತಾ ಇದೆ, ಲ್ಯುಸೆಂಟಿಸ್‌ಗಿಂತ ಅಗ್ಗ.

ಹಾಗಾಗಿ ಇಲ್ಲಿ ಕೂತು ಲೆಕ್ಕ ಹಾಕಿದ್ರೆ, ಎರಡು ವರ್ಷದಲ್ಲಿ ಮೂರು ಅವಾಸ್ಟಿನ್ ಉಳಿಸೋಕೆ ವಿದೇಶಕ್ಕೆ ಹೋಗಿ ರೇಡಿಯೇಷನ್ ಮಾಡಿಸ್ಕೊಂಡು ಬರೋದು ಗಿಟ್ಟೋ ಮಾತೇ ಅಲ್ಲ. ಐರೇ ಮೆಷಿನ್ ಬಳಕೆ ಆಗಿರೋದು ಹೆಚ್ಚಾಗಿ ಯೂರೋಪಲ್ಲಿ, ನಮ್ಮ ಮಿಂಟೋನೋ ಬೇರೆ ಯಾವುದೋ ಕಣ್ಣಾಸ್ಪತ್ರೆಗೋ ಹೋದ್ರೆ ಎಎಂಡಿಗೆ ಮಾಮೂಲಿಯಾಗಿ ಕೊಡೋದು ಇಂಜೆಕ್ಷನ್ನೇ.

ಮಗನೋ ಮಗಳೋ ಇಂಗ್ಲೆಂಡಲ್ಲಿ ಇದಾರೆ, ಆರು ತಿಂಗಳು ಹೋಗ್ತೀವಲ್ಲ, ಅಲ್ಲೇ ಮಾಡಿಸ್ಕೊಂಡು ಬರೋಣ ಅಂತ ಕೆಲವರು ಯೋಚಿಸ್ತಾರೆ. ವಿಸಿಟರ್ ವೀಸಾದಲ್ಲಿ ಹೋದೋರಿಗೆ ಎನ್‌ಎಚ್‌ಎಸ್ ಆಸ್ಪತ್ರೆ ಚಿಕಿತ್ಸೆ ಫ್ರೀ ಅಲ್ಲ, ಇಂಗ್ಲೆಂಡಲ್ಲಿ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಮಾಡ್ತಾರೆ. ಅಲ್ಲೇ ಕಾಯಂ ನೆಲೆಸಿರೋ ಕನ್ನಡದೋರ ಮಾತು ಬೇರೆ, ಅವರು ತಮ್ಮ ಕಣ್ಣಿನ ಕ್ಲಿನಿಕ್ಕಲ್ಲಿ "ನನ್ನ ಕಣ್ಣಿಗೆ ಸ್ಟೀರಿಯೋಟ್ಯಾಕ್ಟಿಕ್ ಹೊಂದುತ್ತಾ, ಎಲ್ಲಿ ಸಿಗುತ್ತೆ" ಅಂತ ಕೇಳೋದ್ರಲ್ಲಿ ಅರ್ಥ ಇದೆ.

ಈ ರೇಡಿಯೇಷನ್ನೇ ಅಂತ ತಪ್ಪು ತಿಳ್ಕೊಳ್ಳೋ ಬೇರೆ ಚಿಕಿತ್ಸೆಗಳು

ಪಿಡಿಟಿ: ಕೈಗೆ ವರ್ಟಿಪೋರ್ಫಿನ್ ಅನ್ನೋ ಔಷಧಿ ಏರಿಸಿ, ಕಣ್ಣಿಗೆ ತಣ್ಣನೆ ಲೇಸರ್ ಬಿಟ್ಟು ಆ ಔಷಧಿನ ಜಾಗೃತ ಮಾಡಿ ಕೆಟ್ಟ ನಾಳ ಮುಚ್ಚಿಸೋದು. ಎಕ್ಸ್‌ರೇ ಇಲ್ಲ, ಬೆಳಕಷ್ಟೇ. 2000ದಲ್ಲಿ ಬಂದದ್ದು, ಇಂಜೆಕ್ಷನ್ ಬಂದ್ಮೇಲೆ ಮೂಲೆಗೆ ಹೋಯ್ತು, ಆದ್ರೆ ಪಿಸಿವಿ ಅನ್ನೋ ಥರದ (ನಾಳಗಳಲ್ಲಿ ಗುಳ್ಳೆ ಥರ ಉಬ್ಬು ಬರೋ) ವೆಟ್ ಕಾಯಿಲೆಗೆ ಇನ್ನೂ ಬಳಸ್ತಾರೆ. ಈ ಪಿಸಿವಿ ಏಷ್ಯಾದೋರಲ್ಲಿ ಬಿಳಿಯರಿಗಿಂತ ಜಾಸ್ತಿ, ಎವರೆಸ್ಟ್ 2 ಅನ್ನೋ ಟ್ರಯಲಲ್ಲಿ ಪಿಡಿಟಿ ಜೊತೆ ಇಂಜೆಕ್ಷನ್ ಸೇರಿಸಿದಾಗ ಇಂಜೆಕ್ಷನ್ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡ್ತು. ನಂಗೆ ಕೇಳಿದ್ರೆ ನಮ್ಮ ಕಡೆಯೋರು "ರೇಡಿಯೇಷನ್ ಇದ್ಯಾ" ಅಂತ ಕೇಳೋಕೆ ಮುಂಚೆ "ನಂದು ಪಿಸಿವಿನಾ, ಐಸಿಜಿ ಟೆಸ್ಟ್ ಮಾಡಿದೀರಾ" (ಬಣ್ಣದ ಔಷಧಿ ಏರಿಸಿ ಕಣ್ಣಿನ ನಾಳಗಳ ಫೋಟೋ ತೆಗೆಯೋ ಟೆಸ್ಟ್) ಅಂತ ಕೇಳೋದು ಎಷ್ಟೋ ಉಪಯೋಗ.

ಇನ್ನು ಸುಡೋ ಲೇಸರ್, ಅದು ಮುಟ್ಟಿದ ಜಾಗದ ರೆಟಿನಾನೂ ಸಾಯುತ್ತೆ, ನಡುಭಾಗಕ್ಕೆ ಈಗ ಯಾರೂ ಮಾಡಲ್ಲ. ಪ್ರೋಟಾನ್ ರೇಡಿಯೇಷನ್ ಬಗ್ಗೆನೂ ಕೇಳ್ತಾರೆ, ಚೆನ್ನೈಯಲ್ಲಿ 2019ರಿಂದ ಪ್ರೋಟಾನ್ ಸೆಂಟರ್ ಇದೆಯಲ್ಲ ಅಂತ. ಅದು ಕ್ಯಾನ್ಸರಿಗೆ. ಅಮೆರಿಕದಲ್ಲಿ ಎಎಂಡಿಗೆ ಪ್ರೋಟಾನ್ ಕೊಟ್ಟು ನೋಡಿದಾರೆ, ಅದು ರೂಢಿಗೆ ಬರ್ಲಿಲ್ಲ. ನಿಮ್ಹಾನ್ಸ್‌ನ ಗಾಮಾ ನೈಫ್ ಅನ್ನೋ ರೇಡಿಯೇಷನ್ ಮೆಷಿನ್ ಕೂಡ ಮೆದುಳಿನ ಗೆಡ್ಡೆಗಳಿಗೆ, ಐರೇ ಜೊತೆ ಹೋಲಿಸೋ ಹಾಗಿಲ್ಲ. ಓಸಿಟಿ ಸ್ಕ್ಯಾನಲ್ಲಿ ರೇಡಿಯೇಷನ್ ಇರುತ್ತೆ ಅಂತ ಹೆದರಿ ತಪ್ಪಿಸ್ಕೊಳ್ಳೋರೂ ಇದಾರೆ, ಅದು ಬೆಳಕಿನಿಂದ ತೆಗೆಯೋ ಫೋಟೋ, ಎಷ್ಟು ಸಲ ಆದ್ರೂ ಮಾಡಿಸ್ಕೊಳ್ಳಿ.

ಹಾಗಾದ್ರೆ ಯಾರಿಗೆ ಯಾವುದು

ಈಗ ತಾನೇ ವೆಟ್ ಅಂತ ಗೊತ್ತಾಗಿದ್ರೆ ಏನೂ ಹೋಲಿಸ್ತಾ ಕೂರ್ಬೇಡಿ, ಈ ವಾರವೇ ಇಂಜೆಕ್ಷನ್ ಶುರು ಮಾಡಿ. ವೆಟ್‌ನಲ್ಲಿ ಕಾಯ್ತಾ ಕೂತ ವಾರಗಳಲ್ಲೇ ದೃಷ್ಟಿ ಹೋಗೋದು, ಹೋದ ಮೇಲೆ ಪೂರ್ತಿ ವಾಪಸ್ ಬರೋದು ಕಮ್ಮಿ.

ಇಂಜೆಕ್ಷನ್ ಶುರುವಾಗಿ ಗ್ಯಾಪ್ ಎಂಟು ಹತ್ತು ವಾರಕ್ಕೆ ಹೋಗಿದ್ರೆ ಅದನ್ನೇ ಮುಂದುವರೆಸಿ. ರೇಡಿಯೇಷನ್ನಿನಿಂದ ನಿಮಗೆ ಉಳಿಯೋದು ತೀರಾ ಕಮ್ಮಿ, ಹೊತ್ಕೊಳ್ಳೋ ರಿಸ್ಕ್ ಮಾತ್ರ ಪೂರ್ತಿ.

ನಾಲ್ಕು ವಾರ ದಾಟಿದ್ರೆ ಮತ್ತೆ ನೀರು ಅನ್ನೋ ಸ್ಥಿತಿ ಇದ್ರೆ ಮೊದಲು ಡಯಾಗ್ನೋಸಿಸ್ ಮತ್ತೆ ನೋಡ್ಸಿ (ಪಿಸಿವಿ ಇರ್ಬಹುದಾ), ಆಮೇಲೆ ಅವಾಸ್ಟಿನ್ನಿಂದ ಅಫ್ಲಿಬರ್ಸೆಪ್ಟ್‌ಗೋ ಫಾರಿಸಿಮ್ಯಾಬ್‌ಗೋ ಬದಲಾಯಿಸಿ ನೋಡೋದಾ ಅಂತ ಕೇಳಿ. ದುಬಾರಿ ಔಷಧಿ ಆದ್ರೂ ಸಂಖ್ಯೆ ಅರ್ಧಕ್ಕೆ ಇಳಿದ್ರೆ ಬಸ್ ಚಾರ್ಜು, ರಜಾ, ಜೊತೆಗೆ ಬರೋರ ದಿನಗೂಲಿ ಎಲ್ಲ ಸೇರಿಸಿ ನೋಡಿದಾಗ ಕೆಲವೊಮ್ಮೆ ಸರಿಹೋಗುತ್ತೆ. ಇದೆಲ್ಲ ಮಾಡಿಯೂ ಆಗ್ದೇ, ಲೀಸನ್ (ಆ ಕೆಟ್ಟ ರಕ್ತನಾಳದ ಗುಂಪು) 4 ಮಿಲಿಮೀಟರ್ ಒಳಗಿದ್ದು, ನೀರು ಸೋರ್ತಾನೇ ಇದ್ದು, ಕಲೆ ಗಟ್ಟಿಯಾಗಿ ಕೂತಿಲ್ದೆ, ಶುಗರ್ ರೆಟಿನೋಪತಿ ಇಲ್ದೆ, ಸ್ಟೀರಿಯೋಟ್ಯಾಕ್ಟಿಕ್ ಸಿಗೋ ದೇಶದಲ್ಲಿ ವಾಸ ಇದ್ರೆ, ಆಗ ರೇಡಿಯೇಷನ್ ನಿಜವಾದ ಆಯ್ಕೆ. ಆ ಸಾಲಲ್ಲಿ ಎಷ್ಟು "ಇದ್ರೆ" ಇವೆ ನೋಡಿ.

ಮ್ಯಾಕ್ಯುಲಾದಲ್ಲಿ ದಪ್ಪ ಕಲೆ ಕಟ್ಟಿ ನಡುದೃಷ್ಟಿ ಪೂರ್ತಿ ಹೋಗಿದ್ರೆ ಇಂಜೆಕ್ಷನ್ನೂ ರೇಡಿಯೇಷನ್ನೂ ಎರಡೂ ಅದನ್ನ ತರಲ್ಲ. ಅಂಥೋರಿಗೆ ಲೋ ವಿಷನ್ ಕ್ಲಿನಿಕ್ಕಲ್ಲಿ ಸಿಗೋ ಮ್ಯಾಗ್ನಿಫೈಯರ್, ಫೋನಲ್ಲಿ ಅಕ್ಷರ ದೊಡ್ಡದು ಮಾಡೋದು, ಓದಿ ಹೇಳೋ ಆ್ಯಪ್ ಹೆಚ್ಚು ಸಹಾಯ ಮಾಡ್ತವೆ, ಜೊತೆಗೆ ಇನ್ನೊಂದು ಕಣ್ಣನ್ನ ಕಾಯ್ಬೇಕು. ಚೌಕುಳಿ ಗೆರೆಗಳ ಆ್ಯಮ್ಸ್ಲರ್ ಚಾರ್ಟ್‌ನ ಫ್ರಿಜ್ ಮೇಲೆ ಅಂಟಿಸಿ, ಓದೋ ಕನ್ನಡಕ ಹಾಕ್ಕೊಂಡು, ಒಂದೊಂದೇ ಕಣ್ಣು ಮುಚ್ಚಿ ನೋಡೋ ಅಭ್ಯಾಸ ಮಾಡ್ಸಿ. ಎರಡೂ ಕಣ್ಣು ತೆಗೆದು ನೋಡಿದ್ರೆ ಒಳ್ಳೆ ಕಣ್ಣು ಕೆಟ್ಟ ಕಣ್ಣಿನ ದೋಷಾನ ಮುಚ್ಚಿಬಿಡುತ್ತೆ.

ಡಾಕ್ಟರ್ ಹತ್ರ ಹೋಗುವಾಗ ಹಳೇ ಓಸಿಟಿ ಪ್ರಿಂಟ್‌ಗಳು, ಯಾವ ಔಷಧಿ ಯಾವ ತಾರೀಕಿಗೆ ಕೊಟ್ರು ಅನ್ನೋ ಪಟ್ಟಿ, ಶುಗರ್ ರಿಪೋರ್ಟ್ ಇಷ್ಟೂ ಒಂದೇ ಫೈಲಲ್ಲಿ ಇಟ್ಕೊಂಡು ಹೋಗಿ. ಹಿಂದಿನ ಸಲಕ್ಕಿಂತ ನೀರು ಕಮ್ಮಿ ಆಗಿದ್ಯಾ, ಗ್ಯಾಪ್ ಹಿಗ್ಗಿಸ್ಬಹುದಾ, ಲೀಸನ್ ಎಷ್ಟು ಅಗಲ ಇದೆ, ಕಲೆ ಶುರುವಾಗಿದ್ಯಾ, ಈ ನಾಲ್ಕು ಕೇಳಿ ಉತ್ತರಾನ ಫೈಲ್ ಮೇಲೇ ಬರ್ಕೊಳ್ಳಿ.